ಒಂದು ಕಥೆಯ ಜಮಾಖರ್ಚು

ಕಾವ್ಯದ ಪ್ರಯೋಜನಗಳನ್ನು ಎಣಿಸುವಲ್ಲಿ ಮಮ್ಮಟಾಚಾರ್ಯನು ಯಶಸ್ಸನ್ನು ಮೊದಲು ಹೇಳಿ, ಅದರ ಬೆನ್ನಿಗೇ ಅರ್ಥವನ್ನು, ಎಂದರೆ ಹಣವನ್ನು, ಹೇಳಿರುವನು. ಉದಾಹರಣೆಗಾಗಿ ಶ್ರೀಹರ್ಷನಿಂದ ಧಾವಕನು (ಕೆಲವು ಪಾಠಗಳಂತೆ ಬಾಣನು) ಪಡೆದ ಧನವನ್ನು ಎತ್ತಿ ತೋರಿಸಿರುವನು. ಹಣದ ಮಾತನ್ನಾಡಲು ಆಲಂಕಾರಿಕರು ನಾಚಲಿಲ್ಲ. ಆದರೆ ಆ ಕಾಲದಲ್ಲಿ ಕವಿಗೆ ಹಣವು ಬರತಕ್ಕ ದಾರಿಯು ಮುಖ್ಯವಾಗಿ ಅರಮನೆಯ ದಾರಿಯೇ ಆಗಿದ್ದಿತು. ಭೋಜರಾಜನು ಅಕ್ಷರಕ್ಕೆ ಲಕ್ಷದಂತೆ ಕೊಟ್ಟನೆಂಬ ಕಥೆಯನ್ನು ಪಾಠಶಾಲೆಯ ಬಾಲಕನೂ ಬಲ್ಲನು. ಅಂತಹ ದೊರೆಗಳು ಹೋಗಿ, ಪುಸ್ತಕವನ್ನು ಕಾಸು ಕೊಟ್ಟು ಕೊಳ್ಳುವ ಜನರೇ ದೊರೆಗಳಾದ ಕಾಲದಲ್ಲಿ, ಕಥೆ ಬರೆದೇ ಬದುಕುವೆನೆಂದು ಹೊರಟವನ ಪಾಡು ಏನಾಯಿತು? ಸಾಹಿತ್ಯವನ್ನು ಪೂಜಿಸುವವರು ಈ ಪ್ರಶ್ನೆಯನ್ನು ಅಂಗಡಿಯ ಮಾತೆಂದು ಬದಿಗೆ ಸರಿಸುವುದುಂಟು. ಇಂಗ್ಲಂಡಿನ ಕಾದಂಬರಿಕಾರನಾದ ಚಾರ್ಲ್ಸ್ ಡಿಕನ್ಸನು 1843ನೆಯ ಇಸವಿಯ ಚಳಿಗಾಲದಲ್ಲಿ ಹೂಡಿದ ಒಂದು ಸಾಹಸದ ಲೆಕ್ಕವನ್ನು ನೋಡಿದವರು ಹಾಗೆ ಸರಿಸಲಾರರು.

ಸಾಲವೆಂದರೇನೆಂಬುದನ್ನು ಡಿಕನ್ಸನು ಗ್ರಂಥಗಳಿಂದ ಕಲಿಯಲಿಲ್ಲ. ಆತನು ಹುಟ್ಟಿದುದು 1812ನೆಯ ಇಸವಿ ಫೆಬ್ರವರಿ 7ರಂದು, ಪೋರ್ಟ್ಸ್‌ಮತ್ ಎಂಬ ಬಂದರಿನಲ್ಲಿ. ತಂದೆಯು ನೌಕಾದಳದ ಸಂಬಳದ ಕಚೇರಿಯಲ್ಲಿ ಗುಮಾಸ್ತ. ಉದಾರಿ, ಮಾತುಗಾರ, ಕೈಯಲ್ಲಿ ಕಾಸು ನಿಲ್ಲದವನು. 1824ರಲ್ಲಿ ರೊಟ್ಟಿಯ ಅಂಗಡಿಯವನಿಗೆ ಕೊಡಬೇಕಾಗಿದ್ದ ಸುಮಾರು 40 ಪೌಂಡುಗಳ ಬಾಕಿಗಾಗಿ ಅವನನ್ನು ಲಂಡನ್ನಿನ ಮಾರ್ಷಲ್ಸೀ ಎಂಬ ಸಾಲಗಾರರ ಸೆರೆಮನೆಗೆ ಹಾಕಿದರು. ಹನ್ನೆರಡು ವರ್ಷದ ಚಾರ್ಲ್ಸನು ಥೇಮ್ಸ್ ನದಿಯ ದಡದಲ್ಲಿ ಬೂಟ್ಸಿನ ಕಪ್ಪು ತಯಾರಿಸುವ ಒಂದು ಉಗ್ರಾಣದಲ್ಲಿ, ವಾರಕ್ಕೆ ಆರು ಷಿಲಿಂಗಿನ ಕೂಲಿಗೆ, ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ಕುಳಿತನು. ತಂದೆಗೆ ಕೆಲವು ತಿಂಗಳುಗಳಲ್ಲಿ ಬಿಡುಗಡೆಯಾಯಿತು. ಮಗನ ಮನಸ್ಸಿಗೆ ಆ ಬಿಡುಗಡೆಯು ದೊರೆಯಲಿಲ್ಲವೆಂದೇ ಹೇಳಬೇಕು. ಆತನ ಮುಂದಿನ ಎಲ್ಲ ವ್ಯವಹಾರಗಳಲ್ಲಿಯೂ ಕಾಣುವ ಕಾತರ, ಸಿಟ್ಟು, ಪ್ರಕಾಶಕರ ವಿಷಯದ ಸಂಶಯ, ಇವುಗಳ ಬೇರು ಆ ಉಗ್ರಾಣದಲ್ಲಿದೆ.

ಪಾರ್ಲಿಮೆಂಟಿನ ಭಾಷಣಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ವರದಿಗಾರನಾಗಿದ್ದಾಗ, 1833ರ ಡಿಸೆಂಬರಿನಲ್ಲಿ, ಆತನ ಮೊದಲನೆಯ ಕಥೆಯು ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಹೆಸರಿಲ್ಲ, ಹಣವಿಲ್ಲ, ಆದರೂ ಆ ಸಂಚಿಕೆಯನ್ನು ಕೊಂಡು, ಆನಂದದಿಂದ ಕಣ್ಣು ಮಂಜಾಗಿ, ಬೀದಿಯಲ್ಲಿ ನಿಲ್ಲಲಾರದೆ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದೊಳಕ್ಕೆ ಹೋಗಿ ಅರ್ಧ ಗಂಟೆ ತಿರುಗಾಡಿದನಂತೆ. ಅಂತಹ ಬಿಡಿ ಬರೆಹಗಳನ್ನು ಸೇರಿಸಿ 1836ರಲ್ಲಿ ಪುಸ್ತಕವಾಗಿಸಿದಾಗ, ಅದರ ಗ್ರಂಥಸ್ವಾಮ್ಯವನ್ನು 100 ಪೌಂಡುಗಳಿಗೆ ಮಾರಿಬಿಟ್ಟನು. ಒಂದು ವರ್ಷ ಕಳೆಯುವುದರೊಳಗೆ ಆತನ ಹೆಸರು ಮನೆಮಾತಾಯಿತು. ಅದೇ ಸ್ವಾಮ್ಯವನ್ನು ಹಿಂದಕ್ಕೆ ಪಡೆಯಲು ಎರಡು ಸಾವಿರ ಪೌಂಡುಗಳಷ್ಟು ತೆರಬೇಕಾಯಿತು. ತಾನು ಕಟ್ಟಿದ ಮನೆಯನ್ನು ತಾನೇ ಇಪ್ಪತ್ತು ಪಾಲು ಬೆಲೆ ಕೊಟ್ಟು ಕೊಂಡಂತೆ ಆಯಿತು.

ಆ ಹೆಸರನ್ನು ತಂದುಕೊಟ್ಟುದು 'ಪಿಕ್‌ವಿಕ್ ಪೇಪರ್ಸ್'. ಆಗ ಮೂರು ಸಂಪುಟಗಳ ಹೊಸ ಕಾದಂಬರಿಯೊಂದಕ್ಕೆ ಮೂವತ್ತೊಂದೂವರೆ ಷಿಲಿಂಗು ಬೆಲೆ. ಸಾಮಾನ್ಯ ಗೃಹಸ್ಥನು ಅದನ್ನು ಕೊಳ್ಳುವುದು ದೂರವುಳಿದು, ಚಂದಾ ಕಟ್ಟುವ ಪುಸ್ತಕಭಂಡಾರದಿಂದ ಎರವು ತಂದು ಓದುತ್ತಿದ್ದನು. ಚಾಪ್‌ಮನ್ ಮತ್ತು ಹಾಲ್ ಎಂಬ ಪ್ರಕಾಶಕರು 'ಪಿಕ್‌ವಿಕ್'ಅನ್ನು ತಿಂಗಳಿಗೊಂದು ಭಾಗದಂತೆ, ಭಾಗಕ್ಕೆ ಒಂದು ಷಿಲಿಂಗಿನಂತೆ ಹೊರಡಿಸಿದರು. ಲೇಖಕನಿಗೆ ಭಾಗವೊಂದಕ್ಕೆ 14 ಪೌಂಡು ಚಿಲ್ಲರೆ ಸಂಭಾವನೆ; ಆ ಧೈರ್ಯದ ಮೇಲೆಯೇ 1836ರ ಏಪ್ರಿಲಿನಲ್ಲಿ ಆತನು ಮದುವೆಯಾದನು. ಮೊದಲನೆಯ ಭಾಗವನ್ನು ಸಾವಿರ ಪ್ರತಿ ಅಚ್ಚುಹಾಕಿದ್ದರು. ಕೊನೆಯ ಭಾಗಗಳು ಬರುವ ಹೊತ್ತಿಗೆ ಮಾರಾಟವು ನಾಲ್ವತ್ತು ಸಾವಿರವನ್ನು ಮುಟ್ಟಿತು. 1841ರ ಸುಮಾರಿಗೆ 'ಓಲ್ಡ್ ಕ್ಯೂರಿಯಾಸಿಟಿ ಷಾಪ್' ವಾರಕ್ಕೆ ಒಂದು ಲಕ್ಷ ಪ್ರತಿಗಳವರೆಗೂ ಹೋಯಿತು.

ಈ ಪದ್ಧತಿಯಲ್ಲಿ ಒಂದು ತೊಡಕುಂಟು. ಇಡಿಯ ಗ್ರಂಥವನ್ನು ಬರೆದು ಕೊಟ್ಟವನು ಜನರ ತೀರ್ಪನ್ನು ಒಂದೇ ಸಲ ಕೇಳುವನು. ತಿಂಗಳು ತಿಂಗಳು ಬರೆಯುವವನಿಗಾದರೋ ಪ್ರತಿ ತಿಂಗಳೂ ಪರೀಕ್ಷೆ, ಪ್ರತಿ ತಿಂಗಳೂ ಫಲಿತಾಂಶ. 1843ರ ಆರಂಭದಲ್ಲಿ 'ಮಾರ್ಟಿನ್ ಚಜಲ್‌ವಿಟ್' ಹೊರಡತೊಡಗಿದಾಗ ಆ ಫಲಿತಾಂಶವು ಕೆಟ್ಟಿತು. ಮಾರಾಟವು ಇಪ್ಪತ್ತು ಸಾವಿರದ ಸುತ್ತಮುತ್ತಲೇ ನಿಂತಿತು. ಇಂದಿನ ಕನ್ನಡ ಲೇಖಕನು ಆ ಸಂಖ್ಯೆಯನ್ನು ಕೇಳಿ ಕೈಮುಗಿದಾನು. ಆದರೆ ಲಕ್ಷವನ್ನು ಕಂಡವನಿಗೆ ಇಪ್ಪತ್ತು ಸಾವಿರವೆಂಬುದು ಬೀಳುವಿಕೆಯೇ ಸರಿ. ತಿಂಗಳಿಗೆ 200 ಪೌಂಡು ಪಡೆಯುವಂತೆ ಆತನಿಗೂ ಪ್ರಕಾಶಕರಿಗೂ ಕರಾರಾಗಿದ್ದಿತು. ಕರಾರಿನ ಮೂಲೆಯಲ್ಲಿ ಒಂದು ಷರತ್ತೂ ಇದ್ದಿತು: ಮೊದಲೇ ಕೊಟ್ಟಿದ್ದ ಮುಂಗಡವು ಮಾರಾಟದಿಂದ ತೀರದೆ ಹೋದರೆ, ತಿಂಗಳಿಗೆ 50 ಪೌಂಡುಗಳನ್ನು ಮುರಿದುಕೊಳ್ಳಬಹುದು ಎಂದು. ಸಂಧಿಪತ್ರಗಳಿಗೆ ರುಜು ಹಾಕುವಾಗ ಸಂತೋಷದಲ್ಲಿರುವವರು ಇಂತಹ ಮೂಲೆಗಳನ್ನು ಓದುವುದಿಲ್ಲ. ಆ ವರ್ಷದ ಜೂನಿನಲ್ಲಿ ಪಾಲುದಾರನಾದ ಹಾಲನು ಆ ಷರತ್ತನ್ನು ಬಾಯಿಬಿಟ್ಟು ನೆನಪಿಸಿದನು. ಡಿಕನ್ಸನ ಕೋಪಕ್ಕೆ ಮಿತಿಯಿಲ್ಲವಾಯಿತು. ಆ ಕ್ಷಣದಿಂದಲೇ ಅವರನ್ನು ಬಿಡುವ ಯೋಚನೆಯು ಆತನ ತಲೆಯನ್ನು ಹೊಕ್ಕಿತು. ಹಾಲನು ಹೇಳಿದುದು ಕರಾರಿನಲ್ಲಿ ಇದ್ದ ಮಾತೇ. ನ್ಯಾಯವು ಅವನ ಕಡೆ ಇದ್ದಿತು, ವಿವೇಕವು ಇರಲಿಲ್ಲ.

ಆ ಶರತ್ಕಾಲದಲ್ಲಿ ಡಿಕನ್ಸನ ಮನಸ್ಸನ್ನು ಬೇರೊಂದು ಸಂಗತಿಯೂ ಕಲಕಿದ್ದಿತು. ಗಣಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುವ ಮಕ್ಕಳನ್ನು ಕುರಿತ ಸರಕಾರದ ವಿಚಾರಣಾಮಂಡಲಿಯ ವರದಿಯು ಬಂದಿತ್ತು. ಸೆಪ್ಟೆಂಬರಿನಲ್ಲಿ ಲಂಡನ್ನಿನ ಫೀಲ್ಡ್ ಲೇನ್ ಎಂಬಲ್ಲಿ, ಚಿಂದಿಯುಟ್ಟ ಮಕ್ಕಳಿಗಾಗಿ ನಡೆಸುತ್ತಿದ್ದ ಧರ್ಮಶಾಲೆಯನ್ನು ಆತನು ಕಣ್ಣಾರೆ ನೋಡಿ ಬಂದನು. ಅಕ್ಟೋಬರ್ 5ರಂದು ಮ್ಯಾಂಚೆಸ್ಟರಿನಲ್ಲಿ ಕೆಲಸಗಾರರ ವಿದ್ಯಾಭ್ಯಾಸಕ್ಕಾಗಿ ಮಾತನಾಡಿದನು. ಈ ಸುತ್ತಾಟದ ನಡುವೆಯೇ ಜಿಪುಣನಾದ ಸ್ಕ್ರೂಜನು ಹುಟ್ಟಿದನು. 'ಕ್ರಿಸ್ಮಸ್ ಕ್ಯಾರಲ್' ಎಂಬ ಆ ಸಣ್ಣ ಕಥೆಯನ್ನು, 'ಚಜಲ್‌ವಿಟ್'ನ ಮಾಸಿಕ ಭಾಗಗಳನ್ನು ತಪ್ಪಿಸದೆ ಬರೆಯುತ್ತಲೇ, ಆರು ವಾರಗಳಲ್ಲಿ ಮುಗಿಸಿದನು. ಊರೆಲ್ಲ ಮಲಗಿದ ಮೇಲೆ ಲಂಡನ್ನಿನ ಕತ್ತಲೆಯ ಬೀದಿಗಳಲ್ಲಿ ಹದಿನೈದು ಇಪ್ಪತ್ತು ಮೈಲಿ ನಡೆಯುತ್ತ, ಅಳುತ್ತ, ನಗುತ್ತ, ಮತ್ತೆ ಅಳುತ್ತ ಅದನ್ನು ಕಟ್ಟಿದನೆಂದು ಆತನೇ ಮಿತ್ರನೊಬ್ಬನಿಗೆ ಬರೆದಿರುವನು.

ಸಾಹಸವೆಂದುದು ಬರೆಹವನ್ನು ಕುರಿತಲ್ಲ, ಪ್ರಕಟಣೆಯನ್ನು ಕುರಿತು. ಈ ಪುಸ್ತಕವನ್ನು ಪ್ರಕಾಶಕರಿಗೆ ಮಾರದೆ, ಕಾಗದ, ಅಚ್ಚು, ಚಿತ್ರ, ಜಾಹೀರಾತು ಎಲ್ಲದರ ವೆಚ್ಚವನ್ನೂ ತಾನೇ ಹೊತ್ತು, ಅದೇ ಚಾಪ್‌ಮನ್ ಮತ್ತು ಹಾಲರಿಗೆ ಮಾರಿಕೊಡುವುದಕ್ಕಾಗಿ ದಲಾಲಿಯನ್ನಷ್ಟೇ ಕೊಡುವೆನೆಂದು ಡಿಕನ್ಸನು ನಿಶ್ಚಯಿಸಿದನು. ಲಾಭವೆಲ್ಲ ತನಗೆ, ನಷ್ಟವೂ ತನಗೆ. ಸ್ವತಂತ್ರನಾದವನಿಗೆ ಮೊದಲು ಬರುವ ಮೋಹವೆಂದರೆ ತನ್ನ ಕೂಸಿಗೆ ತನ್ನ ಇಷ್ಟದಂತೆ ಅಲಂಕಾರ ಮಾಡುವುದು. ಪುಸ್ತಕಕ್ಕೆ ಕೆಂಗಂದು ಬಟ್ಟೆಯ ರಟ್ಟು, ರಟ್ಟಿನ ಮೇಲೆ ಚಿನ್ನದ ಅಚ್ಚು, ಹಾಳೆಗಳ ಅಂಚಿಗೂ ಚಿನ್ನದ ಲೇಪ. ಜಾನ್ ಲೀಚನು ಬರೆದ ಎಂಟು ಚಿತ್ರಗಳು, ಅವುಗಳಲ್ಲಿ ನಾಲ್ಕಕ್ಕೆ ಪ್ರತಿ ಪ್ರತಿಯಲ್ಲಿಯೂ ಕೈಯಿಂದಲೇ ಬಣ್ಣ ತುಂಬಬೇಕು. ರಟ್ಟಿನ ಒಳಗಣ ಹಸಿರು ಹಾಳೆಯ ಬಣ್ಣವು ಕೈಗೆ ಹತ್ತುವುದೆಂದು ಕಡೆಯ ಗಳಿಗೆಯಲ್ಲಿ ಅದನ್ನು ಹಳದಿಗೆ ಬದಲಾಯಿಸಿ, ಮುಖಪುಟದ ಹಸಿರನ್ನು ನೀಲಿ ಮಾಡಿಸಿದನು. ಇಷ್ಟೆಲ್ಲ ಮಾಡಿಸಿ ಬೆಲೆಯನ್ನು ಐದೇ ಷಿಲಿಂಗು ಎಂದು ಗೊತ್ತುಮಾಡಿದನು.

1843ನೆಯ ಇಸವಿ ಡಿಸೆಂಬರ್ 19ರಂದು ಪುಸ್ತಕವು ಹೊರಬಿದ್ದಿತು. ಹಬ್ಬದ ಹಿಂದಿನ ಸಂಜೆಯ ಹೊತ್ತಿಗೆ ಆರು ಸಾವಿರ ಪ್ರತಿಗಳೂ ತೀರಿದವು. ಇಂತಹ ಗೆಲುವನ್ನು ಕಂಡವರು ಯಾರಿರಬಹುದು! ಲೇಖಕನು ತನಗೆ ಸಾವಿರ ಪೌಂಡು ಬಂದೇ ಬರುವುದೆಂದು ಲೆಕ್ಕ ಹಾಕಿ, ಆ ಸಾವಿರವನ್ನು ನಂಬಿ ಸಾಲಗಳಿಗೆ ವಾಯಿದೆ ಹೇಳಿದ್ದನು. ಜನವರಿಯಲ್ಲಿ ಐದನೆಯ ಮಗುವು ಹುಟ್ಟಿತು. ಅತ್ತ ತಂದೆಯು ಮಗನ ಹೆಸರು ಹೇಳಿ ಸಾಲ ಮಾಡುವುದನ್ನು ನಿಲ್ಲಿಸಿರಲಿಲ್ಲ. ಫೆಬ್ರವರಿಯಲ್ಲಿ ಪ್ರಕಾಶಕರ ಲೆಕ್ಕವು ಕೈಸೇರಿತು: ಮೊದಲ ಆರು ಸಾವಿರದಿಂದ ಉಳಿದ ಲಾಭ 230 ಪೌಂಡು. 'ಚಜಲ್‌ವಿಟ್'ನ ಒಂದು ತಿಂಗಳ ಸಂಭಾವನೆಗಿಂತ ಅದು ಮೂವತ್ತು ಪೌಂಡು ಮಾತ್ರ ಹೆಚ್ಚು. ಆ ರಾತ್ರಿ ಆತನಿಗೆ ನಿದ್ರೆ ಬರಲಿಲ್ಲ.

ಆ ಲೆಕ್ಕದ ಪಟ್ಟಿಯನ್ನು ಆತನ ಮಿತ್ರನೂ ಚರಿತ್ರಕಾರನೂ ಆದ ಫಾರ್ಸ್ಟರನು ಉಳಿಸಿಕೊಟ್ಟಿರುವನು. ಬರೆದು ಬದುಕುವವರು ಒಮ್ಮೆ ನೋಡಬೇಕಾದ ಪಟ್ಟಿ ಅದು. ಒಟ್ಟು ಖರ್ಚು 805 ಪೌಂಡು ಚಿಲ್ಲರೆ. ಅದರಲ್ಲಿ ಕಥೆಯನ್ನು ಅಚ್ಚುಹಾಕಿದ ಕೂಲಿ 74, ಕಾಗದಕ್ಕೆ 89, ಕೂಡಿಸಿದರೆ 163. ಚಿತ್ರಗಳಿಗೆ ಬಣ್ಣ ತುಂಬಿದುದಕ್ಕೆ 120, ರಟ್ಟು ಕಟ್ಟಿದುದಕ್ಕೆ 180, ಕೂಡಿಸಿದರೆ 300. ಜಾಹೀರಾತು ಮತ್ತು ಇತರ ಖರ್ಚು 168. ಪ್ರಕಾಶಕರ ದಲಾಲಿ 99. ಚಿತ್ರ ಬರೆದು ಕೆತ್ತಿದುದು ಮೊದಲಾದ ಸಣ್ಣ ಬಾಬುಗಳು ಉಳಿದುದರಲ್ಲಿ ಸೇರಿವೆ. ದೇಹಕ್ಕೆ ಆದ ವೆಚ್ಚದ ಹತ್ತಿರ ಹತ್ತಿರ ಎರಡರಷ್ಟು ಬಟ್ಟೆಬಣ್ಣಕ್ಕೆ ಆಗಿದೆ. ಐದು ಷಿಲಿಂಗೆಂಬುದು ಓದುಗನು ಕೊಡುವ ಬೆಲೆ. ನಡುವೆ ಅಂಗಡಿಯವರ ಸೋಡಿಯೂ ಹೋಗಬೇಕು. ಇಷ್ಟು ಕಳೆದ ಮೇಲೆ ಸಾವಿರ ಪೌಂಡು ಉಳಿಯುವುದೆಂದು ಆರು ಸಾವಿರ ಪ್ರತಿಗಳ ಮೇಲೆ ಹೇಗೆ ಗುಣಿಸಿದನೋ ತಿಳಿಯದು. ಆ ವರ್ಷವೆಲ್ಲ ಪುಸ್ತಕವು ಮತ್ತೆ ಮತ್ತೆ ಅಚ್ಚಾಗಿ ಮಾರಾಟವಾದರೂ ಲಾಭದ ಮೊತ್ತವು 750 ಪೌಂಡನ್ನು ಮುಟ್ಟಲಿಲ್ಲ. ಡಿಕನ್ಸನು ಪ್ರಕಾಶಕರ ಅನಾದರವೇ ಇದಕ್ಕೆಲ್ಲ ಕಾರಣವೆಂದು ಹೇಳುತ್ತ ಬಂದನು. ಅವರು ಜಾಹೀರಾತಿನಲ್ಲಿ ಉದಾಸೀನ ಮಾಡಿದರೆಂಬುದು ಆತನ ದೂರು. ಪಟ್ಟಿಯನ್ನು ಓದಿದವರಿಗೆ ಆ ದೂರು ಪೂರ್ತಿ ಒಪ್ಪಿಗೆಯಾಗದು. ಚಿನ್ನದ ಅಂಚನ್ನು ಬಯಸಿದವನು ಹಾಲನಲ್ಲ.

ಇನ್ನೊಂದು ವಿಷಯವನ್ನು ಗಮನಿಸಬೇಕು. ಕಥೆಯಲ್ಲಿ ಸ್ಕ್ರೂಜನ ಗುಮಾಸ್ತನಾದ ಬಾಬ್ ಕ್ರಾಚಿಟನಿಗೆ ವಾರಕ್ಕೆ ಹದಿನೈದು ಷಿಲಿಂಗು ಸಂಬಳ. ಯಾರ ಬಡತನವನ್ನು ಕುರಿತು ಪುಸ್ತಕವು ಕಣ್ಣೀರು ತರಿಸುವುದೋ ಆ ಕ್ರಾಚಿಟನು ಅದನ್ನು ಕೊಳ್ಳಬೇಕಾಗಿದ್ದರೆ ವಾರದ ಅನ್ನದಲ್ಲಿ ಮೂರರಲ್ಲೊಂದು ಪಾಲನ್ನು ಬಿಡಬೇಕಾಗುತ್ತಿದ್ದಿತು. ಲೇಖಕನಿಗೆ ಐದು ಷಿಲಿಂಗು ತೀರ ಕಡಿಮೆ. ಕ್ರಾಚಿಟನಿಗೆ ತೀರ ಹೆಚ್ಚು.

ಆ ನಡುವಣ ತೆರಪಿನಲ್ಲಿ ಕಳ್ಳನು ನುಗ್ಗಿದನು. 1844ರ ಜನವರಿ ಮೊದಲನೆಯ ವಾರದಲ್ಲಿ, ಪುಸ್ತಕವು ಹೊರಬಿದ್ದು ಮೂರು ವಾರ ತುಂಬುವ ಮುನ್ನವೇ, ಎರಡು ಪೆನ್ನಿಯ ಒಂದು ವಾರಪತ್ರಿಕೆಯು ಈ ಕಥೆಯನ್ನೇ ಸ್ವಲ್ಪ ಹಿಗ್ಗಿಸಿ ಕುಗ್ಗಿಸಿ, ಬೇರೆ ಹೆಸರಿಟ್ಟು ಅಚ್ಚುಮಾಡತೊಡಗಿತು. ಹನ್ನೆರಡು ಪೆನ್ನಿಗೆ ಒಂದು ಷಿಲಿಂಗು ಎಂಬುದನ್ನು ನೆನೆದರೆ ಈ ಎರಡು ಬೆಲೆಗಳ ಅಂತರವು ತಿಳಿದೀತು. ಡಿಕನ್ಸನು ನ್ಯಾಯಾಲಯಕ್ಕೆ ಹೋದನು. 1842ರ ಗ್ರಂಥಸ್ವಾಮ್ಯದ ಕಾನೂನಿಗಾಗಿ ವರ್ಷಗಟ್ಟಲೆ ಹೋರಾಡಿದ್ದ ಟಾಲ್‌ಫರ್ಡನೇ ಆತನ ವಕೀಲ. ಪ್ರತಿವಾದಿಗಳು ಕೊಟ್ಟ ಸಮಾಧಾನವು ಸ್ವಾರಸ್ಯವಾದುದು: ತಾವು ಕದಿಯಲಿಲ್ಲ, ಮೂಲವನ್ನು ತಿದ್ದಿ ಉತ್ತಮಗೊಳಿಸಿದೆವು; ಕುಂಟ ಬಾಲಕನು ಹಾಡುವನೆಂದು ಡಿಕನ್ಸನು ಹೇಳಿ ಬಿಟ್ಟಿದ್ದಲ್ಲಿ ತಾವು ಹಾಡನ್ನೇ ಬರೆದು ಸೇರಿಸಿದೆವು! ನ್ಯಾಯಾಧೀಶನು ಈ ವಾದವನ್ನು ಕೇಳಿ, ಎದುರು ಪಕ್ಷದ ವಾದವೇ ಬೇಡವೆಂಬಂತೆ ಡಿಕನ್ಸನಿಗೆ ಜಯವನ್ನು ಕೊಟ್ಟನು. ಆಗ ಕಳ್ಳಮುದ್ರಕರು ದಿವಾಳಿ ಎದ್ದರು. ಅವರಿಂದ ವಸೂಲಾಗತಕ್ಕುದು ಏನೂ ಇಲ್ಲದೆ ಹೋಯಿತು. ಗೆದ್ದವನು ವ್ಯಾಜ್ಯದ ವೆಚ್ಚವೆಂದು ಸುಮಾರು 700 ಪೌಂಡುಗಳನ್ನು ಕೈಯಿಂದ ತೆತ್ತನು.

ಪುಸ್ತಕವು ಒಂದು ವರ್ಷದಲ್ಲಿ ತಂದ ಲಾಭವನ್ನೂ ಈ ಮೊತ್ತವನ್ನೂ ಎದುರೆದುರು ಬರೆದರೆ ಉಳಿಯುವುದು ಅತ್ಯಲ್ಪ. ಎರಡು ವರ್ಷಗಳ ಮೇಲೆ ಮತ್ತೊಬ್ಬನು ಆತನ ಬರೆಹವನ್ನು ಕದ್ದಾಗ, ನ್ಯಾಯಾಲಯದ ದಾರಿಗಿಂತ ಅನ್ಯಾಯವನ್ನು ಸಹಿಸುವುದೇ ಲೇಸೆಂದು ಆತನು ಸುಮ್ಮನಾದನು. 1852ರಲ್ಲಿ ಆರಂಭವಾದ 'ಬ್ಲೀಕ್ ಹೌಸ್' ಎಂಬ ಕಾದಂಬರಿಯಲ್ಲಿ, ತಲೆಮಾರುಗಳ ಕಾಲ ನಡೆದು, ವ್ಯಾಜ್ಯದ ಆಸ್ತಿಯೆಲ್ಲ ಖರ್ಚಿಗೇ ಕರಗಿ ಹೋಗುವ ಒಂದು ಮೊಕದ್ದಮೆಯ ವರ್ಣನೆಯಿದೆ. ಅದು ಹೊಳೆದುದು ಎಲ್ಲಿಂದ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ನಾಟಕದವರಂತೂ ಕಾನೂನಿಗೆ ಹೆದರಬೇಕಾಗಿಯೇ ಇರಲಿಲ್ಲ. ಕಾದಂಬರಿಯನ್ನು ರಂಗಕ್ಕೆ ತರುವವರು ಲೇಖಕನಿಗೆ ಏನೂ ಕೊಡಬೇಕಾಗಿರಲಿಲ್ಲ. ಫೆಬ್ರವರಿ ಮುಗಿಯುವುದರೊಳಗೆ ಲಂಡನ್ನಿನಲ್ಲಿ ಎಂಟು ಕಡೆ ಸ್ಕ್ರೂಜನು ವೇಷ ಕಟ್ಟಿ ಕುಣಿದನು. ಅಮೆರಿಕದಲ್ಲಿಯೂ ಹಾಗೆಯೇ: ಪರದೇಶದ ಲೇಖಕನಿಗೆ ಅಲ್ಲಿ ಸ್ವಾಮ್ಯವಿರಲಿಲ್ಲ, 1891ರವರೆಗೂ ಬರಲಿಲ್ಲ. 1842ರಲ್ಲಿ ಆ ದೇಶಕ್ಕೆ ಹೋಗಿದ್ದಾಗ ಔತಣದ ಸಭೆಗಳಲ್ಲಿಯೇ ಡಿಕನ್ಸನು ಈ ಮಾತನ್ನು ಎತ್ತಿದ್ದನು. ಹಾರ ಹಾಕಿದ ಪತ್ರಿಕೆಗಳೇ ಮರುದಿನ ಆತನನ್ನು ಹಣದಾಸೆಯವನೆಂದು ಹಳಿದುವು. ಕವಿಯು ಹಣದ ಮಾತನ್ನು ಆಡಬಾರದೆಂಬ ಮರ್ಯಾದೆಯನ್ನು ಕವಿಯ ಪುಸ್ತಕದಿಂದ ಹಣ ಮಾಡುವವರೇ ಎಲ್ಲರಿಗಿಂತ ಹೆಚ್ಚಾಗಿ ಕಾಪಾಡುವರು.

1844ರ ಜೂನ್ 1ರಂದು ಡಿಕನ್ಸನು ಚಾಪ್‌ಮನ್ ಮತ್ತು ಹಾಲರನ್ನು ಬಿಟ್ಟು, ಮುದ್ರಕರಾದ ಬ್ರಾಡ್‌ಬರಿ ಮತ್ತು ಎವಾನ್ಸ್ ಎಂಬವರೊಡನೆ ಕರಾರು ಮಾಡಿಕೊಂಡನು. ಅವರು 2,800 ಪೌಂಡು ಮುಂಗಡ ಕೊಟ್ಟರು. ಅದಕ್ಕೆ ಪ್ರತಿಯಾಗಿ ಮುಂದಿನ ಎಂಟು ವರ್ಷ ಆತನು ಏನು ಬರೆದರೂ ಅದರಲ್ಲಿ ಅವರಿಗೆ ಕಾಲು ಪಾಲು. ಇಷ್ಟೇ ಪುಟ ಬರೆಯಬೇಕೆಂದಾಗಲಿ, ಬರೆಯಲೇಬೇಕೆಂದಾಗಲಿ ನಿರ್ಬಂಧವಿರಲಿಲ್ಲ. ಅನುಭವವು ಹೇಳಿಕೊಟ್ಟ ಕರಾರು ಇದು. ಆ ಹಣದಿಂದ ಸಾಲಗಳನ್ನು ತೀರಿಸಿ, ಲಂಡನ್ನಿನ ದುಬಾರಿ ಬಾಳನ್ನು ಬಿಟ್ಟು, ಕುಟುಂಬವನ್ನೆಲ್ಲ ಕರೆದುಕೊಂಡು ಇಟಲಿಯ ಜಿನೋವ ನಗರಕ್ಕೆ ಹೊರಟುಹೋದನು. ಆ ವರ್ಷದ ಹಬ್ಬಕ್ಕೆ ಅಲ್ಲಿಂದ ಬರೆದು ಕಳುಹಿದ 'ದಿ ಚೈಮ್ಸ್' ಎಂಬ ಕಥೆಯು 'ಕ್ಯಾರಲ್'ಗಿಂತ ಕೆಳದರ್ಜೆಯದೆಂದು ಹೇಳದ ವಿಮರ್ಶಕರಿಲ್ಲ. ಬಣ್ಣದ ಚಿತ್ರಗಳಿಲ್ಲದ ಆ ಪುಸ್ತಕದ ಲಾಭವು ಸಾವಿರ ಪೌಂಡನ್ನು ದಾಟಿತು!

1846ರಲ್ಲಿ 'ಡಾಂಬಿ ಅಂಡ್ ಸನ್' ಆರಂಭವಾದ ಮೇಲೆ ಆತನಿಗೆ ಹಣದ ಸಂಕಟವು ಮತ್ತೆ ಬರಲಿಲ್ಲ. ಹಾಗೆಂದು ಏಳುಬೀಳುಗಳು ನಿಲ್ಲಲಿಲ್ಲ. 1850ರ ಮಾರ್ಚಿಯಲ್ಲಿ 'ಹೌಸ್‌ಹೋಲ್ಡ್ ವರ್ಡ್ಸ್' ಎಂಬ ಎರಡು ಪೆನ್ನಿಯ ವಾರಪತ್ರಿಕೆಯನ್ನು ಹೊರಡಿಸಿದನು. ಅರ್ಧ ಒಡೆತನ ಆತನದು, ಸಂಪಾದಕನೂ ಆತನೇ. ಕಳ್ಳಪತ್ರಿಕೆಯು ಯಾವ ಬೆಲೆಗೆ ಆತನ ಕಥೆಯನ್ನು ಮಾರಿದ್ದಿತೋ ಅದೇ ಬೆಲೆ! ಎಂಟು ವರ್ಷಗಳ ಮೇಲೆ, ಹೆಂಡತಿಯನ್ನು ಬಿಟ್ಟುದನ್ನು ಕುರಿತು ಆತನು ಬರೆದ ಹೇಳಿಕೆಯನ್ನು ಬ್ರಾಡ್‌ಬರಿ ಮತ್ತು ಎವಾನ್ಸರ ವಿನೋದಪತ್ರಿಕೆಯಾದ 'ಪಂಚ್' ಅಚ್ಚುಮಾಡಲಿಲ್ಲವೆಂದು ಅವರೊಡನೆಯೂ ಮುರಿದುಕೊಂಡನು. ಆ ಜಗಳದಲ್ಲಿ ತಪ್ಪು ಆತನದೇ. ನಗೆಯ ಪತ್ರಿಕೆಯಲ್ಲಿ ಅಂತಹ ಹೇಳಿಕೆಯನ್ನು ಅಚ್ಚುಮಾಡೆನ್ನುವುದು ಸ್ವಾತಂತ್ರ್ಯವಲ್ಲ, ಮದ. 1859ರ ಏಪ್ರಿಲ್ 30ರಂದು 'ಆಲ್ ದಿ ಇಯರ್ ರೌಂಡ್' ಎಂಬ ಹೊಸ ವಾರಪತ್ರಿಕೆಯು ಹುಟ್ಟಿತು. ಇದರಲ್ಲಿ ಮುಕ್ಕಾಲು ಪಾಲು ಆತನದು. ಈಗ ಲೇಖಕನೂ ಆತನೇ, ಸಂಪಾದಕನೂ ಆತನೇ, ಒಡೆಯನೂ ಆತನೇ.

ಒಡೆತನವು ಎಷ್ಟರಮಟ್ಟಿಗೆ ನೆಮ್ಮದಿಯನ್ನು ತಂದಿತೆಂಬುದು ಮರುವರ್ಷವೇ ಗೊತ್ತಾಯಿತು. ಚಾರ್ಲ್ಸ್ ಲೀವರ್ ಎಂಬ ಲೇಖಕನ ಕಾದಂಬರಿಯು ಪತ್ರಿಕೆಯಲ್ಲಿ ಬರುತ್ತಿದ್ದಿತು. ಅದು ಜನರಿಗೆ ಹಿಡಿಸದೆ ಮಾರಾಟವು ವಾರ ವಾರಕ್ಕೂ ಇಳಿಯತೊಡಗಿತು. ಡಿಕನ್ಸನು ಆಗ ಒಂದು ದೊಡ್ಡ ಕಾದಂಬರಿಯನ್ನು ಇಪ್ಪತ್ತು ಮಾಸಿಕ ಭಾಗಗಳಲ್ಲಿ, ವಿಸ್ತಾರವಾಗಿ ಬರೆಯಬೇಕೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದನು. ಪತ್ರಿಕೆಯನ್ನು ಉಳಿಸುವುದಕ್ಕಾಗಿ ಆ ಯೋಚನೆಯನ್ನು ಕೈಬಿಟ್ಟು, ಅದನ್ನೇ ವಾರದ ಸಣ್ಣ ಕಂತುಗಳಿಗೆ ಇಳಿಸಿ, 1860ರ ಡಿಸೆಂಬರ್ 1ರಿಂದ ಪತ್ರಿಕೆಯಲ್ಲಿ ಹಾಕತೊಡಗಿದನು. ಅದು 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'. ಪ್ರಕಾಶಕನ ಒತ್ತಾಯಕ್ಕೆ ಮಣಿಯದವನು ಅಂಗಡಿಯ ಒತ್ತಾಯಕ್ಕೆ ಮಣಿಯಬೇಕಾಯಿತು; ಆ ಅಂಗಡಿಯು ತನ್ನದೇ ಆದುದರಿಂದ ಬೈಯುವುದಕ್ಕೂ ಯಾರೂ ಇರಲಿಲ್ಲ. ಆತನ ಕಾದಂಬರಿಗಳಲ್ಲಿ ಕಟ್ಟುಬಿಗಿಯಿಂದ ಅತ್ಯಂತ ಸುಂದರವಾದುದು ಅದೇ ಎಂದು ಬಹುಮಂದಿ ಬಲ್ಲವರ ಮತವೆಂಬುದನ್ನೂ ಇಲ್ಲಿ ಹೇಳಬೇಕು.

'ಕ್ಯಾರಲ್'ನಿಂದ ಬರಬೇಕಾಗಿದ್ದ ಹಣವು ಕೊನೆಗೆ ಬಂದಿತು. ಬಂದ ದಾರಿ ಬೇರೆ. 1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಧರ್ಮಕಾರ್ಯದ ಸಹಾಯಾರ್ಥವಾಗಿ ಆತನು ಈ ಕಥೆಯನ್ನು ಸಭೆಯಲ್ಲಿ ಓದಿದನು. ಒಂದು ರಾತ್ರಿಯ ಓದನ್ನು ಕೆಲಸಗಾರರಿಗಾಗಿ ಮೀಸಲಿಡಬೇಕು, ಪ್ರವೇಶದ ದರವು ಅವರ ಕೈಗೆ ಎಟುಕುವಂತಿರಬೇಕು ಎಂದು ಆತನೇ ಕೇಳಿಕೊಂಡನು. ಆರು ಪೆನ್ನಿ ಕೊಟ್ಟು ಎರಡು ಸಾವಿರಕ್ಕೂ ಹೆಚ್ಚು ಮಂದಿ ಬಂದರು. ಕ್ರಾಚಿಟನ ಕಥೆಯು ಕ್ರಾಚಿಟರ ಕಿವಿಗೆ ಲೇಖಕನ ಬಾಯಿಂದಲೇ ಬಿದ್ದಿತು. ಕನ್ನಡ ನಾಡಿನ ಗಮಕಿಗಳು ಊರ ಚಾವಡಿಯಲ್ಲಿ ಭಾರತವನ್ನು ಓದಿದುದನ್ನು ಕೇಳಿ ಬಲ್ಲವರಿಗೆ ಆ ಸಭೆಯ ಸ್ವರೂಪವನ್ನು ವರ್ಣಿಸಬೇಕಾಗಿಲ್ಲ. 1858ರಿಂದ ಈ ಓದನ್ನೇ ಹಣಕ್ಕಾಗಿ ನಡೆಸಿದನು. 1867ರ ಡಿಸೆಂಬರಿನಿಂದ 1868ರ ಏಪ್ರಿಲಿನವರೆಗೆ ಅಮೆರಿಕದಲ್ಲಿ 76 ಬಾರಿ ಓದಿ, ಖರ್ಚು ಕಳೆದು ಸುಮಾರು 19,000 ಪೌಂಡುಗಳನ್ನು ತಂದನು. ಪುಸ್ತಕಕ್ಕೆ ಕಾಸು ಕೊಡದ ದೇಶವು ಧ್ವನಿಗೆ ಕೊಟ್ಟಿತು.

ಆ ಹಣಕ್ಕೆ ಬೆಲೆಯನ್ನು ದೇಹವು ತೆತ್ತಿತು. ಅಮೆರಿಕದಲ್ಲಿಯೇ ಊಟ ನಿದ್ರೆಗಳು ಕೆಟ್ಟಿದ್ದವು. 1869ರ ಏಪ್ರಿಲಿನಲ್ಲಿ ಪ್ರೆಸ್ಟನ್ ಎಂಬಲ್ಲಿ ವೈದ್ಯರು ಓದನ್ನು ತಡೆದು ನಿಲ್ಲಿಸಿದರು. ಆತನು ಮತ್ತೆ ಕೆಲವು ಸಭೆಗಳಿಗೆ ಅವರಿಂದ ಅಪ್ಪಣೆ ಪಡೆದುಕೊಂಡನು. 1870ನೆಯ ಇಸವಿ ಮಾರ್ಚಿ 15ರ ರಾತ್ರಿ ಲಂಡನ್ನಿನ ಸೇಂಟ್ ಜೇಮ್ಸ್ ಸಭಾಂಗಣದಲ್ಲಿ ಕಡೆಯ ಓದು ನಡೆಯಿತು. ಅಂದು ಆತನು ಆರಿಸಿಕೊಂಡುದು 'ಪಿಕ್‌ವಿಕ್'ನ ಒಂದು ಪ್ರಕರಣವನ್ನೂ 'ಕ್ರಿಸ್ಮಸ್ ಕ್ಯಾರಲ್'ಅನ್ನೂ. ಜೂನ್ 9ರಂದು ಆತನು ತೀರಿಕೊಂಡಾಗ ಬಿಟ್ಟುಹೋದ ಆಸ್ತಿಯು ಸುಮಾರು 93,000 ಪೌಂಡುಗಳೆಂದು ಲೆಕ್ಕವಾಯಿತು; ಬರೆಯುತ್ತಿದ್ದ ಕಾದಂಬರಿಯು ಅರ್ಧಕ್ಕೆ ನಿಂತಿದ್ದಿತು.